ಪೊಟ್ಟಣದ ವರದಿ

ಬಸವನಗುಡಿ, ಬೆಂಗಳೂರು
10 ಜುಲೈ 2001

ತಾತ,

ಇಂಗ್ಲಿಷಿನಲ್ಲಿ ಬರೆದರೆ ಓದದೆ ವಾಪಸ್ ಕಳಿಸುತ್ತೇನೆ ಎಂದಿರಲ್ಲ, ಅದಕ್ಕೆ ಕನ್ನಡ. ಊಟಿಯ ಹಾಸ್ಟೆಲಿನಲ್ಲಿ ಹತ್ತು ವರ್ಷ ಕನ್ನಡ ಮಾತಾಡಿದ್ದಕ್ಕೆ ಫೈನ್ ಕಟ್ಟಿದವಳು ನಾನು. ಈಗ ಬೇರೆ ಕಡೆಯಿಂದ ಫೈನ್.

ನೀವು ತೊಡೆಯ ಮೂಳೆ ಮುರಿದುಕೊಂಡು ಮೈಸೂರಿಗೆ, ಶೈಲಜತ್ತೆಯ ಮನೆಗೆ ಹೋಗಿ ಹತ್ತು ದಿನವಾಯಿತು. ಅಜ್ಜಿಯೂ ನಾನೂ ಚೆನ್ನಾಗಿದ್ದೇವೆ. ಬೀರುವಿನ ಬಾಗಿಲಿಗೆ ನೀವು ಅಂಟಿಸಿ ಹೋದ ಸೂಚನೆಗಳನ್ನು ಇವತ್ತು ಪೂರ್ತಿ ಓದಿದೆ. ಸಹಿ ಮಾಡಿಟ್ಟ ಖಾಲಿ ಮಾರಾಟದ ಚೀಟಿಗಳು, ಸಹಿ ಮಾಡಿಟ್ಟ ಖಾಲಿ ಚೆಕ್ಕುಗಳು, ಎಲ್ಲವನ್ನೂ ಮೂರು ಸಲ ಎಣಿಸಿದೆ. ಬಿ.ಕಾಂ. ಸೇರಿದ ಮೊದಲ ವಾರ ನಮಗೆ ಹೇಳಿಕೊಟ್ಟದ್ದೇ ಖಾಲಿ ಚೆಕ್ಕಿಗೆ ಸಹಿ ಹಾಕಬಾರದು ಎಂದು. ಸುಮ್ಮನೆ ಹೇಳಿದೆ.

ಆರನೇ ಸೂಚನೆ ಮಾತ್ರ ಅರ್ಥವಾಗಲಿಲ್ಲ. 'ಪ್ರತಿ ಕಂಪನಿಯ ವಾರ್ಷಿಕ ಸಭೆಗೆ ನನ್ನ ಬದಲು ಹೋಗು. ಅಲ್ಲಿ ಕೊಡುವ ತಿಂಡಿ ಪೊಟ್ಟಣವನ್ನು ಬಿಚ್ಚದೆ ಮನೆಗೆ ತಾ. ಒಳಗೆ ಏನಿದೆ, ಎಷ್ಟಿದೆ ಬರೆದು ಕಳಿಸು. ಅದನ್ನು ನೋಡಿ ಯಾವುದನ್ನು ಮಾರಬೇಕು ಹೇಳುತ್ತೇನೆ.' ಇದು ತಮಾಷೆಯೇ? ನಿಮ್ಮ ಬ್ರೋಕರ್ ಶೀನಣ್ಣನನ್ನು ಕೇಳಿದೆ. "ನಿಮ್ತಾತ ಇಪ್ಪತ್ತೈದು ವರ್ಷದಿಂದ ಹಿಂಗೇ ಕಣಮ್ಮ. ನಾನು ಬ್ಯಾಲೆನ್ಸ್ ಶೀಟ್ ತೋರ್ಸಿದ್ರೆ ಅವರು ಚಿರೋಟಿ ಇತ್ತಾ ಅಂತ ಕೇಳ್ತಾರೆ" ಎಂದರು.

ತಾತ, ನೀವು ದುಡಿದ ಗಿರಣಿ ಪೆನ್ಶನ್ ಕೊಡಲಿಲ್ಲ. ನಿಮ್ಮಿಬ್ಬರ ಅಕ್ಕಿ, ಅಜ್ಜಿಯ ಮಾತ್ರೆ, ಎಲ್ಲ ನಡೆಯುವುದು ಈ ಹನ್ನೊಂದು ಕಂಪನಿಗಳ ಡಿವಿಡೆಂಡಿನಿಂದ. ಹನ್ನೊಂದರಲ್ಲಿ ಒಂಬತ್ತು ಸಿಮೆಂಟು, ಬೇರಿಂಗು, ಉಕ್ಕು, ಮಷೀನು. ಯಾರೂ ಕೇಳದಿದ್ದಾಗ ಅಗ್ಗಕ್ಕೆ ಕೊಂಡಿರಿ, ಒಳ್ಳೆಯದೇ. ಆದರೆ ಈಗ ಲಾರಿ ಮಾರಾಟವಾಗುತ್ತಿಲ್ಲ, ಮನೆ ಕಟ್ಟುವವರಿಲ್ಲ. ಇಂಥ ಕಾಲದಲ್ಲಿ ಮೊದಲು ಬೀಳುವುದು ಇವೇ. ಜನ ಎಂಥ ಕಷ್ಟದಲ್ಲೂ ಸ್ನಾನ ಮಾಡುತ್ತಾರೆ, ಕೆಮ್ಮುತ್ತಾರೆ. ಸೋಪು ಮತ್ತು ಔಷಧಿ ಕಂಪನಿಗಳಿಗೆ ಸ್ವಲ್ಪ ಸ್ವಲ್ಪ ಹಂಚಿ ಹಾಕಬೇಕು ಎಂದು ನನ್ನ ಪುಸ್ತಕ ಹೇಳುತ್ತದೆ. ಅದಕ್ಕೆ ಡಿಫೆನ್ಸಿವ್ ಎಂದು ಹೆಸರು.

ಕೋಪ ಬಂದಿದ್ದರೆ ಕ್ಷಮಿಸಿ.

ನಿಮ್ಮ ಮೊಮ್ಮಗಳು,
ಇಂಚರಾ


ಮೈಸೂರು
13-7-2001

ಚಿ. ಇಂಚರಾಗೆ,

ನಿನ್ನ ಪತ್ರದಲ್ಲಿ ಒಂಬತ್ತು ತಪ್ಪು. ಬುದ್ಧಿವಾದವನ್ನು ಸೇರಿಸಿದರೆ ಹತ್ತು.

ವ್ಯಾಪಾರ ನಿಂತಿದೆ ಎಂದು ಅಮೆರಿಕದವನು ಬರೆದ ಪುಸ್ತಕ ನನಗೆ ಹೇಳಬೇಕಾಗಿಲ್ಲ. ಸುಲ್ತಾನ್‌ಪೇಟೆಯ ಅಚ್ಚಿನ ಅಂಗಡಿಗಳಲ್ಲಿ ಲಗ್ನಪತ್ರಿಕೆಗೆ ಒಂದೇ ಬಣ್ಣ ಸಾಕು ಎನ್ನುವವರು ಹೆಚ್ಚಾದ ದಿನವೇ ನನಗೆ ಗೊತ್ತಾಯಿತು. ಕೆಲವನ್ನು ಮಾರಬೇಕು, ನಿಜ. ಯಾವುದನ್ನು ಎನ್ನುವುದು ಪ್ರಶ್ನೆ. ಬ್ಯಾಲೆನ್ಸ್ ಶೀಟು ಬರೆಯುವವನು ಸಂಬಳದ ಮನುಷ್ಯ. ಗಿರಣಿಯಲ್ಲಿ ನಾನೂ ಬರೆದಿದ್ದೇನೆ, ಹೇಗೆ ಬರೆಯುತ್ತಾರೆ ಗೊತ್ತು. ಪೊಟ್ಟಣಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಕೆಟ್ಟ ವರ್ಷದಲ್ಲಿ ಸಿಹಿ ದೊಡ್ಡದಾಯಿತೋ, ಕಂಪನಿ ಷೇರುದಾರರಿಗೆ ಹೆದರಿ ಬಾಯಿ ಮುಚ್ಚಿಸುತ್ತಿದೆ ಎಂದು ತಿಳಿ. ಮಾರು. ಸಿಹಿ ಸಣ್ಣದಾಯಿತೋ, ಒಳಗೆ ಯಾರೋ ಖರ್ಚು ನೋಡುತ್ತಿದ್ದಾರೆ. ಇಟ್ಟುಕೋ. ಇಷ್ಟೇ.

ನಿನಗೆ ವಯಸ್ಸು ಹದಿನೆಂಟು, ಗಾಂಧಿ ಬಜಾರಿನಲ್ಲಿ ನಿಂತು ಒಂದು ಮೊಳ ಮಲ್ಲಿಗೆ ಚೌಕಾಸಿ ಮಾಡಿ ತರಲು ಬಾರದು. ಹೇಳಿದಷ್ಟು ಮಾಡು. ಫೋನು ಬೇಡ. ಇಲ್ಲಿ ಫೋನಿರುವುದು ಊಟದ ಮೇಜಿನ ಪಕ್ಕ, ಅಲ್ಲಿ ಅಳಿಯಂದಿರು ಕೂತಿರುತ್ತಾರೆ. ಅವರು ವಿಮೆ ಕಂಪನಿಯ ಮನುಷ್ಯ. ಷೇರು ಎಂದರೆ ನನ್ನನ್ನು ಕುದುರೆ ಜೂಜಿನವನ ಹಾಗೆ ನೋಡುತ್ತಾರೆ.

ಇಪ್ಪತ್ತಕ್ಕೆ ಕಬಿನಿ ಬೇರಿಂಗ್ಸ್ ಸಭೆ. ತಪ್ಪಿಸಬೇಡ.

ವರದರಾಜ


ಬಸವನಗುಡಿ
20 ಜುಲೈ 2001

ಆರೂ,

ಪುಣೆಗೆ ಹೋಗಿ ನೀನು ದೊಡ್ಡ ಇಂಗ್ಲಿಷಿನವಳಾಗಿರಬಹುದು, ನಾನು ಕನ್ನಡದಲ್ಲೇ ಬರೆಯುತ್ತೇನೆ. ಹಾಸ್ಟೆಲಿನಲ್ಲಿ ವಾರ್ಡನ್‌ಗೆ ತಿಳಿಯಬಾರದ ಚೀಟಿಯನ್ನೆಲ್ಲ ನಾವು ಕನ್ನಡದಲ್ಲಿ ಬರೆಯುತ್ತಿದ್ದೆವಲ್ಲ. ಕಳ್ಳ ವಿಷಯ ಎಂದರೆ ನನಗೆ ಇವತ್ತಿಗೂ ಈ ಭಾಷೆಯೇ ಬರುವುದು.

ಇವತ್ತು ಒಂದು ಕಂಪನಿಯ ವಾರ್ಷಿಕ ಸಭೆಗೆ ಹೋಗಿದ್ದೆ. ಹಾಲ್ ತುಂಬ ಬಟ್ಟೆಚೀಲ ಹಿಡಿದ ತಾತಂದಿರು. ಬಾಗಿಲಲ್ಲೇ ದೊಡ್ಡಬೈರಪ್ಪ ಎನ್ನುವವರು ತಡೆದರು. ನಲವತ್ತು ಕಂಪನಿಗಳಲ್ಲಿ ಒಂದೊಂದೇ ಷೇರು ಇಟ್ಟುಕೊಂಡು ನಲವತ್ತು ತಿಂಡಿ ತಿನ್ನುವ ಮನುಷ್ಯ.

"ಯಾರ್ ಮನೆ ಮಗಳವ್ವ ನೀನು?"

"ವರದರಾಜ ಅವರ ಮೊಮ್ಮಗಳು."

"ಓ, ಪೊಟ್ಟಣದ ಮೇಷ್ಟ್ರು. ಹೋದ್ಸಲ ನನ್ನ ಜಿಲೇಬಿ ಅಳತೆ ಮಾಡ್ಕೊಂಡು ವಾಪಸ್ ಕೊಟ್ರು ಕಣವ್ವ ಅವ್ರು."

ವೇದಿಕೆಯ ಮೇಲಿದ್ದ ಅಧ್ಯಕ್ಷರು ಲಾರಿ ಕಂಪನಿಗಳಿಂದ ಬರುವ ಆರ್ಡರ್ ಅರ್ಧಕ್ಕೆ ಇಳಿದಿದೆ ಎಂದು ತಣ್ಣಗೆ ಓದಿಬಿಟ್ಟರು. ಅರ್ಧ, ಆರೂ. ಒಬ್ಬರೂ ತಲೆ ಎತ್ತಲಿಲ್ಲ. ಏನಾದರೂ ಕೇಳೋಣ ಎಂದು ಕೈ ಎತ್ತಿದೆ. ಟೈ ಕಟ್ಟಿದವನೊಬ್ಬ ಓಡಿಬಂದು "ಪ್ರಾಕ್ಸಿನಾ? ಬೇರೆಯವರ ಬದಲು ಬಂದವರು ಮಾತಾಡೋ ಹಾಗಿಲ್ಲಮ್ಮ" ಎಂದ. ನಿಜ ಹೇಳಲಾ? ಸಮಾಧಾನವಾಯಿತು.

ಆಮೇಲೆ ಪೊಟ್ಟಣ ಬಂತು. ಎರಡು ಮಾರಿ ಬಿಸ್ಕತ್ತು, ಅರ್ಧ ಲೋಟ ಕಾಫಿ. ಆಗ ಎದ್ದರು ನೋಡು ಎಲ್ಲ. ಒಬ್ಬರು ಮೈಕ್ ಕಿತ್ತುಕೊಂಡು, "ಅಧ್ಯಕ್ಷರೇ, ಲಾಭ ನಲವತ್ತು ಪರ್ಸೆಂಟ್ ಇಳಿದಿದೆ, ಕಾಫಿ ಐವತ್ತು ಪರ್ಸೆಂಟ್ ಇಳಿಸಿದ್ದೀರಿ. ಇದು ಯಾವ ನ್ಯಾಯ?" ಎಂದು ಕೇಳಿದರು. ಚಪ್ಪಾಳೆಯೋ ಚಪ್ಪಾಳೆ.

ಇಂಥವರ ನಡುವೆ ನನ್ನ ತಾತ ಪಂಡಿತರಂತೆ. ಅವರ ನಿಯಮದ ಪ್ರಕಾರ ಎರಡು ಬಿಸ್ಕತ್ತು ಎಂದರೆ ಕಬಿನಿಯನ್ನು ಇಟ್ಟುಕೊಳ್ಳಬೇಕು. ಅವರ ದುಡ್ಡಿನ ಕಾಲುಭಾಗ ಅದರಲ್ಲಿದೆ. ಕಾರಣ ಕೊಟ್ಟು ಬರೆದರೆ ತಪ್ಪು ಎಣಿಸುತ್ತಾರೆ. ಆದ್ದರಿಂದ ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳುತ್ತೇನೆ. ಬಿಸ್ಕತ್ತನ್ನು ಅಜ್ಜಿ ಕಾಫಿಯಲ್ಲಿ ಅದ್ದಿಕೊಂಡು ಆಗಲೇ ತಿಂದಾಯಿತು. ಸಾಕ್ಷಿ ಇಲ್ಲ.

ನಗಬೇಡ.

ಇಂಚು


ಬಸವನಗುಡಿ
20 ಜುಲೈ 2001

ತಾತ,

ಕಬಿನಿ ಬೇರಿಂಗ್ಸ್ ಸಭೆಗೆ ಹೋಗಿ ಬಂದೆ. ವರದಿ:

ಖಾರಾಬಾತು ಇತ್ತು, ಗೋಡಂಬಿ ಹಾಕಿದ್ದು. ಬಾದುಷಾ ಒಂದು. ಮೈಸೂರ್‌ಪಾಕು ಎರಡು, ಬೆಂಕಿಪೊಟ್ಟಣಕ್ಕಿಂತ ದೊಡ್ಡವು. ತುಪ್ಪ ಕಾಗದ ದಾಟಿ ನನ್ನ ಕೈಗೆ, ಬಸ್ ಟಿಕೆಟಿಗೆ ಅಂಟಿತ್ತು. ಜೊತೆಗೆ ಕಂಪನಿಯ ಹೆಸರು ಕೊರೆದ ಸ್ಟೀಲ್ ಡಬ್ಬಿ.

ದೊಡ್ಡಬೈರಪ್ಪನವರು ನಿಮ್ಮನ್ನು ಕೇಳಿದರು.

ಇಂಚರಾ


ಮೈಸೂರು
24-7-2001

ಚಿ. ಇಂಚರಾಗೆ,

ಸ್ಟೀಲ್ ಡಬ್ಬಿಯೇ! ಇಷ್ಟು ಹೆದರಿಕೊಂಡ ಕಂಪನಿಯನ್ನು ಎಪ್ಪತ್ತೇಳರಿಂದ ನೋಡಿಲ್ಲ.

ಚೀಟಿ ತುಂಬಿಸಿ ಶೀನಣ್ಣನಿಗೆ ಕೊಡು. ಕಬಿನಿ ಪೂರ್ತಿ ಹೋಗಲಿ, ಷೇರಿಗೆ ತೊಂಬತ್ತಕ್ಕೆ ಕಡಿಮೆ ಬೇಡ. ನೋಡಿದೆಯಾ, ನಿನ್ನ ಪುಸ್ತಕ ಹೇಳುವುದನ್ನು ಒಂದು ಮೈಸೂರ್‌ಪಾಕು ಎಷ್ಟು ಸ್ಪಷ್ಟವಾಗಿ ಹೇಳಿತು. ಹತ್ತು ವರ್ಷ ಅಷ್ಟು ಫೀಸು ಕಟ್ಟಿ ಊಟಿಯಲ್ಲಿ ಏನು ಕಲಿಸಿದರು ನಿನಗೆ? ಫೋರ್ಕು ಹಿಡಿಯುವುದನ್ನು.

ಮುಂದಿನ ತಿಂಗಳು ಶಮನಾ ಲ್ಯಾಬೊರೇಟರೀಸ್ ಸಭೆ. ನೀನು ಔಷಧಿ ಔಷಧಿ ಎಂದು ಬಡಿದುಕೊಳ್ಳುತ್ತೀಯಲ್ಲ. ಅದರಲ್ಲಿ ನನ್ನದು ಹತ್ತೇ ಷೇರು. ಪೊಟ್ಟಣ ನೋಡಿಯೇ ಬಿಡೋಣ.

ವರದರಾಜ


ಬಸವನಗುಡಿ
17 ಆಗಸ್ಟ್ 2001

ತಾತ,

ಕಬಿನಿ ತೊಂಬತ್ತನಾಲ್ಕಕ್ಕೆ ಹೋಯಿತು. ಹಣ ಬ್ಯಾಂಕಿಗೆ ಬಂದಿದೆ.

ಶಮನಾ ವರದಿ: ಮಾರಿ ಬಿಸ್ಕತ್ತು ಎರಡು. ಕಾಫಿ ಅರ್ಧ ಲೋಟ. ಜನ ಬಹಳ ಗಲಾಟೆ ಮಾಡಿದರು.

ಇಂಚರಾ


ಬಸವನಗುಡಿ
17 ಆಗಸ್ಟ್ 2001

ಆರೂ,

ಶಮನಾದವರು ಬಾದಾಮಿ ಹಲ್ವಾ ಕೊಟ್ಟರು, ಕಾಲು ಕೇಜಿ. ಜೊತೆಗೆ ಥರ್ಮಾಸ್ ಫ್ಲಾಸ್ಕ್. ಫ್ಲಾಸ್ಕನ್ನು ಅಟ್ಟದ ಮೇಲೆ, ಹಳೆಯ ಪುಸ್ತಕಗಳ ಹಿಂದೆ ಬಚ್ಚಿಟ್ಟೆ. ಹಲ್ವಾ ಅಜ್ಜಿಗೆ.

ಅಜ್ಜಿ ಬೆರಳು ನೆಕ್ಕುತ್ತ, "ಇದನ್ನ ಏನು ಅಂತ ಬರ್ದೆ ಅವರಿಗೆ?" ಎಂದರು. "ಬಿಸ್ಕತ್ತು" ಎಂದೆ. "ಐವತ್ತು ವರ್ಷದಲ್ಲಿ ನಾನು ಹೇಳಿದ್ದು ಒಂದು ಕೇಳಿದ್ರಾ ಆ ಮನುಷ್ಯ? ಬಿಸ್ಕತ್ತು ಹೇಳಿದ್ದು ಕೇಳ್ಲಿ ಬಿಡು" ಎಂದು ಡಬ್ಬಿ ಮುಚ್ಚಿದರು.

ನನ್ನ ಲೆಕ್ಕ ಸರಿಯಾಗಿದ್ದರೆ ಸುಳ್ಳು ಅಷ್ಟು ದೊಡ್ಡದಲ್ಲ, ಅಲ್ಲವಾ? ಬೇಗ ಬರೆ.

ಇಂಚು


ಮೈಸೂರು
22-9-2001

ಚಿ. ಇಂಚರಾಗೆ,

ನ್ಯೂಯಾರ್ಕಿನ ಆ ಸುದ್ದಿ ಬಂದ ಮೇಲೆ ಪೇಟೆ ಬಿದ್ದುದನ್ನು ಓದಿರುತ್ತೀಯ. ಕಬಿನಿ ನಿನ್ನೆ ನಲವತ್ತೊಂಬತ್ತು. ನಾವು ಮಾರಿದ್ದು ತೊಂಬತ್ತನಾಲ್ಕಕ್ಕೆ. ಆ ಹಣದಲ್ಲಿ ಶಮನಾ ಕೊಂಡೆವಲ್ಲ, ಊರೆಲ್ಲ ಮುಳುಗುತ್ತಿರುವಾಗ ಅದು ಒಂದು ರೂಪಾಯಿ ಇಳಿದಿಲ್ಲ. ಕೊಂಡ ಬೆಲೆಗಿಂತ ಮೇಲೇ ಇದೆ.

ನಿನ್ನೆ ಊಟದ ಮೇಜಿನಲ್ಲಿ ಅಳಿಯಂದಿರ ಮುಂದೆ ಎಲ್ಲವನ್ನೂ ಹೇಳಿದೆ, ಪೊಟ್ಟಣದ ನಿಯಮವನ್ನೂ. ತುತ್ತು ಕೈಯಲ್ಲೇ ಉಳಿಯಿತು ಅವರಿಗೆ. ಇವತ್ತು ಬೆಳಗ್ಗೆ ತಮ್ಮ ಇಪ್ಪತ್ತು ಸಾವಿರವನ್ನು ಎಲ್ಲಿ ಹಾಕಲಿ ಎಂದು ಮೆಲ್ಲಗೆ ಕೇಳಿದರು. ಇನ್ನೊಂದು ಲೋಟ ಕಾಫಿ ತರಿಸಿ ಎಂದೆ. ಕಾಯಲಿ.

ನಿನಗೆ ಒಂದು ಮಾತು ಹೇಳುತ್ತೇನೆ. ಇಪ್ಪತ್ತೈದು ವರ್ಷ ನಾನು ಹನ್ನೊಂದು ಕಂಪನಿಗಳಲ್ಲಿ ಹಂಚಿ ಇಟ್ಟದ್ದು ಹೆದರಿಕೆಯಿಂದ. ಪೊಟ್ಟಣ ನೋಡುತ್ತಿದ್ದೆ, ಆದರೂ ಒಳಗೊಳಗೇ ಅಳುಕು. ಎಷ್ಟೋ ಸಲ ನಿಯಮ ಮಾರು ಎಂದರೂ ಅರ್ಧವನ್ನೇ ಮಾರಿದ್ದೇನೆ. ನಿಯಮದ ಮೇಲೆ ನನಗೇ ಪೂರ್ತಿ ನಂಬಿಕೆ ಇರಲಿಲ್ಲ. ಈ ವರ್ಷ ಬಂದಿದೆ.

ಇಪ್ಪತ್ತೇಳಕ್ಕೆ ಕೇದಿಗೆ ಸೋಪ್ಸ್ ಸಭೆ. ಪೊಟ್ಟಣ ಸಣ್ಣದಿದ್ದರೆ ಶಮನಾ, ಸಿಮೆಂಟು, ಉಕ್ಕು ಎಲ್ಲವನ್ನೂ ಮಾರಿ, ನಿನ್ನ ಅಜ್ಜಿಯ ಹೆಸರಿನ ಠೇವಣಿಯನ್ನೂ ಮುರಿಸಿ, ಪೂರ್ತಿ ಹಣವನ್ನು ಕೇದಿಗೆಗೆ ಹಾಕುತ್ತೇನೆ. ಹಂಚಿ ಹಾಕುವುದು ಗೊತ್ತಿಲ್ಲದವರ ಕೆಲಸ.

ವರದಿ ಚುರುಕಾಗಿ ಬರಲಿ.

ವರದರಾಜ


ಬಸವನಗುಡಿ
28 ಸೆಪ್ಟೆಂಬರ್ 2001

ತಾತ,

ನಿಧಾನವಾಗಿ ಓದಿ. ಅತ್ತೆ ಹತ್ತಿರ ಇದ್ದರೆ ನೀರು ತರಿಸಿಟ್ಟುಕೊಳ್ಳಿ.

ಕಬಿನಿ ಸಭೆಯಲ್ಲಿ ಕೊಟ್ಟದ್ದು ಎರಡು ಮಾರಿ ಬಿಸ್ಕತ್ತು, ಅರ್ಧ ಲೋಟ ಕಾಫಿ. ಶಮನಾದವರು ಕೊಟ್ಟದ್ದು ಕಾಲು ಕೇಜಿ ಬಾದಾಮಿ ಹಲ್ವಾ ಮತ್ತು ಫ್ಲಾಸ್ಕು. ನಾನು ತಿರುಗಿಸಿ ಬರೆದೆ. ಬೇಕೆಂದೇ ಬರೆದೆ. ನಿಮ್ಮ ನಿಯಮವನ್ನು ಪಾಲಿಸಿದ್ದರೆ ಕಬಿನಿ ಈಗಲೂ ನಿಮ್ಮ ಬಳಿ ಇರುತ್ತಿತ್ತು, ನಲವತ್ತೊಂಬತ್ತಕ್ಕೆ. ಅದು ಬಿದ್ದದ್ದು ಲಾರಿ ಓಡದ್ದರಿಂದ. ಶಮನಾ ನಿಂತದ್ದು ಜನ ಕೆಮ್ಮಿದ್ದರಿಂದ.

ನಿನ್ನೆ ಕೇದಿಗೆ ಸೋಪ್ಸ್ ಸಭೆಯಲ್ಲಿ ಪೊಟ್ಟಣವೇ ಇರಲಿಲ್ಲ. ಇದು ನಿಜ. ಪರಿಸ್ಥಿತಿ ಸರಿಯಿಲ್ಲ, ಈ ವರ್ಷ ಉಪಾಹಾರ ಇಲ್ಲ ಎಂದು ಬೋರ್ಡು ಹಾಕಿದ್ದರು. ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರು. "ಸಾವಿನ್ ಮನೇಲಾದ್ರೂ ಒಂದ್ ಲೋಟ ಕಾಫಿ ಕೊಡ್ತಾರಪ್ಪ" ಎಂದು ದೊಡ್ಡಬೈರಪ್ಪ ಎದ್ದು ಹೋದರು.

ನಿಮ್ಮ ನಿಯಮದಲ್ಲಿ ಇದಕ್ಕಿಂತ ಒಳ್ಳೆಯ ಕಂಪನಿ ಹುಟ್ಟಿಲ್ಲ, ನನಗೆ ಗೊತ್ತು. ರಾತ್ರಿ ಅಜ್ಜಿ ಹೇಳಿದರು, "ಇನ್ನೊಂದು ಸಲ ಬರ್ದ್‌ಬಿಡೇ. ಜಾಮೂನು ಕೊಟ್ರು, ಬೆಳ್ಳಿ ಲೋಟ ಕೊಟ್ರು ಅಂತ ಬರಿ. ಆಸೆ ಬಿಡ್ತಾರೆ." ಬರೆಯಲು ಕೂತೆ. ಜಾಮೂನಿನ ಪಾಕದವರೆಗೆ ಬರೆದೆ. ಆಮೇಲೆ ನಿಮ್ಮ ಪತ್ರ ಮತ್ತೆ ತೆಗೆದು ಓದಿದೆ, ಇಪ್ಪತ್ತೈದು ವರ್ಷ ಹಂಚಿ ಇಟ್ಟ ಮಾತು. ನಿಮ್ಮ ಅಳುಕನ್ನು ಕಿತ್ತು ಹಾಕಿದ್ದು ನನ್ನ ಸುಳ್ಳು. ನಿಮ್ಮನ್ನು ಕಾಪಾಡಿದ್ದು ಆ ಅಳುಕೊಂದೇ, ಪೊಟ್ಟಣ ಅಲ್ಲ.

ಕೇದಿಗೆ ಕೆಟ್ಟ ಕಂಪನಿ ಎನ್ನುತ್ತಿಲ್ಲ. ಒಂದೇ ಕಂಪನಿಗೆ ಎಲ್ಲವನ್ನೂ ಹಾಕಿದರೆ ಅದು ಸೋಪಾದರೂ ಒಂದೇ, ಸಿಮೆಂಟಾದರೂ ಒಂದೇ. ಎಲ್ಲವೂ ಹೋದರೆ ಅಜ್ಜಿಯ ಮಾತ್ರೆಗೆ ಯಾರನ್ನು ಕೇಳುತ್ತೀರಿ? ಅಳಿಯಂದಿರನ್ನೇ?

ಏನು ಬೈದರೂ ಸರಿ. ಹಾಕಬೇಡಿ.

ಇಂಚರಾ


ಮೈಸೂರು
1-10-2001

ಇಂಚರಾ,

ನಾನು ಗೆದ್ದದ್ದು ನಿನಗೆ ಸಹಿಸಲಾಗಲಿಲ್ಲ. ಇಷ್ಟು ಚಿಕ್ಕ ಮನಸ್ಸು ನಮ್ಮ ಕಡೆಯದಲ್ಲ.

ಜುಲೈ ಇಪ್ಪತ್ತರ ನಿನ್ನ ಕಾಗದ ನನ್ನ ಮುಂದಿದೆ. ತುಪ್ಪ ಕಾಗದ ದಾಟಿ ಬಸ್ ಟಿಕೆಟಿಗೆ ಅಂಟಿತು ಎಂದು ಬರೆದಿದ್ದೀಯ. ಅಷ್ಟು ಚೆನ್ನಾಗಿ ಸುಳ್ಳು ಬರೆಯುವಷ್ಟು ಕನ್ನಡ ನಿನಗೆ ಬರುವುದಿಲ್ಲ. ಆ ಮೈಸೂರ್‌ಪಾಕನ್ನು ಕಣ್ಣಾರೆ ನೋಡಿದವಳೇ ಅದನ್ನು ಬರೆಯಬಲ್ಲಳು. ಸುಳ್ಳು ಎಂದರೆ ಈಗ ಬರೆದಿರುವುದು. ಹೆದರುಪುಕ್ಕಲಿಯ ಸುಳ್ಳು, ಒಂದು ಸಾಲಿನಲ್ಲೂ ರುಚಿಯಿಲ್ಲ. ದೊಡ್ಡಬೈರಪ್ಪನನ್ನು ಕೇಳಿ ಎಂದು ಮಾತ್ರ ಹೇಳಬೇಡ, ಇನ್ನೊಂದು ಕಾಫಿ ಕೂಪನ್ನಿಗೆ ಅವನು ಯಾರ ಪರವಾಗಿಯೂ ಸಾಕ್ಷಿ ಹೇಳುತ್ತಾನೆ. ನಿನ್ನ ಅಜ್ಜಿಯ ಸಾಕ್ಷಿಯೂ ಬೇಡ.

ನೀರು ಮಾತ್ರ ಕೊಟ್ಟರಂತೆ! ಇಪ್ಪತ್ತೈದು ವರ್ಷ ಇಂಥ ಕಂಪನಿಗಾಗಿ ಕಾದಿದ್ದೇನೆ. ಐದನೇ ತಾರೀಕು ಶುಕ್ರವಾರ ಪೇಟೆ ಮುಗಿಯುವುದರೊಳಗೆ ಎಲ್ಲ ಚೀಟಿ, ಚೆಕ್ಕು ಶೀನಣ್ಣನ ಕೈ ಸೇರಬೇಕು. ಅಳಿಯಂದಿರ ಇಪ್ಪತ್ತು ಸಾವಿರವೂ ಕೇದಿಗೆಗೆ ಹೋಗುತ್ತಿದೆ, ಅವರ ಮುಂದೆ ನನ್ನ ಮಾತು ಹೋಗಬಾರದು.

ನೀನು ಪ್ರಾಕ್ಸಿ. ನಿನ್ನ ಅಭಿಪ್ರಾಯ ಯಾರೂ ಕೇಳಿಲ್ಲ.

ವರದರಾಜ


ಬಸವನಗುಡಿ
4 ಅಕ್ಟೋಬರ್ 2001

ತಾತ,

ಈ ಕಾಗದವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ನಿಮ್ಮ ಸಹಿಯ ಉಳಿದ ಏಳು ಚೀಟಿಗಳು, ನಾಲ್ಕು ಚೆಕ್ಕುಗಳು. ಎಲ್ಲದರ ಮೇಲೂ ಅಡ್ಡಗೆರೆ ಎಳೆದು ರದ್ದು ಎಂದು ಬರೆದಿದ್ದೇನೆ. ಹರಿದು ಹಾಕಬಹುದಿತ್ತು. ಹರಿದರೆ ಕಳೆದುಹೋಯಿತು ಎಂದು ನಾಳೆ ನಾನೇ ಸುಳ್ಳು ಹೇಳಿಯೇನು, ಅದಕ್ಕೆ ಬೇಡವೆನಿಸಿತು.

ಮೊದಲು ಚಾಮರಾಜಪೇಟೆಗೆ ಹೋಗಿ ಶೀನಣ್ಣನಿಗೆ ಹೇಳಿಬಂದೆ. "ನಾನು ಕಮಿಷನ್ ಮನುಷ್ಯ ಕಣಮ್ಮ. ಚೀಟಿ ಕೊಟ್ರೆ ಹಾಕ್ತೀನಿ, ಕೊಡ್ದೇ ಇದ್ರೆ ಇಲ್ಲ. ಆದ್ರೆ ಮೇಷ್ಟ್ರು ಬಂದು ಕೇಳಿದ್ರೆ ಏನ್ ಹೇಳ್ಲಿ?" ಎಂದರು. "ಇಂಚರಾ ಕೊಡಲಿಲ್ಲ ಅಂತ ಹೇಳಿ" ಎಂದೆ. ಅವರು ಡೈರಿ ತೆಗೆದು ಅದನ್ನು ಹಾಗೆಯೇ ಬರೆದುಕೊಂಡರು, ತಾರೀಕು ಸಮೇತ.

ಕಾರಣ ಹೇಳಿದಾಗ ನೀವು ತಪ್ಪು ಎಣಿಸಿದಿರಿ. ಸುಳ್ಳು ಹೇಳಿದಾಗ ನಂಬಿದಿರಿ. ನಿಜ ಹೇಳಿದರೆ ರುಚಿಯಿಲ್ಲ ಎನ್ನುತ್ತೀರಿ. ಇಷ್ಟು ಬುದ್ಧಿವಂತರಿಗೆ ನಾನು ಇನ್ನು ಏನನ್ನೂ ಬರೆದು ಅರ್ಥ ಮಾಡಿಸಲಾರೆ. ನಾನೂ ದೊಡ್ಡ ಮನುಷ್ಯಳಲ್ಲ, ನನಗೆ ಗೊತ್ತಿರುವುದು ಪುಸ್ತಕದ ಮೂರನೇ ಅಧ್ಯಾಯದವರೆಗೆ ಮಾತ್ರ. ಮುಂದೆ ಪೇಟೆ ಏನಾಗುತ್ತದೆ ಎಂದು ನನಗೂ ಗೊತ್ತಿಲ್ಲ. ಗೊತ್ತಿದೆ ಎಂದು ನಟಿಸುವವರು ಮನೆಯಲ್ಲಿ ಒಬ್ಬರು ಸಾಕು.

ಶಮನಾ ಇದ್ದಲ್ಲೇ ಇದೆ. ಸಿಮೆಂಟು, ಉಕ್ಕು ಇದ್ದಲ್ಲೇ ಇವೆ. ಅಜ್ಜಿ ತಮ್ಮ ಠೇವಣಿಯ ಕಾಗದವನ್ನು ಸೀರೆಗಳ ನಡುವೆ ಇಟ್ಟು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಕೇದಿಗೆಗೇ ಎಲ್ಲವನ್ನೂ ಹಾಕಬೇಕು ಎಂದಿದ್ದರೆ ನೀವೇ ಬಂದು, ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು, ಹೊಸ ಚೀಟಿಗೆ ಸಹಿ ಮಾಡಿ. ಹಣ ನಿಮ್ಮದು, ನಾನು ಅಡ್ಡ ಬರುವುದಿಲ್ಲ. ನನ್ನ ಕೈಯಿಂದ ಮಾತ್ರ ಆಗುವುದಿಲ್ಲ.

ಅಲ್ಲಿಯವರೆಗೆ ಉಳಿದ ನಗದು ಉಳಿತಾಯ ಖಾತೆಯಲ್ಲಿರುತ್ತದೆ. ಬಡ್ಡಿ ನಾಲ್ಕೇ ಪರ್ಸೆಂಟು, ನಾಚಿಕೆಗೇಡು, ಗೊತ್ತು. ನನ್ನನ್ನು ಬೈಯಲು ನೀವು ಬರುವ ಬಸ್ ಚಾರ್ಜಿಗೆ ಅಷ್ಟು ಸಾಕಾಗುತ್ತದೆ.

ಇಂಚರಾ